ಒಂಬತ್ತನೇ ತರಗತಿಗೆ ಯಾವ ಸರ್ಕಾರಿ ಪ್ರೌಢಶಾಲೆ? ಬಡಾವಣೆ ಗುಂಪಿನ ಚರ್ಚೆ

5ನೇ ಅಡ್ಡರಸ್ತೆ, ಮಹಡಿ ಮನೆ (ರಾತ್ರಿ 11:46)
ಫೆಬ್ರವರಿಯಿಂದ ಈ ಗುಂಪಿನಲ್ಲಿ ಮೂರು ಸಲ ಕೇಳಿದ್ದೇನೆ, ಮೂರು ಸಲವೂ ‘ವಿಚಾರಿಸಿ ಹೇಳುತ್ತೇವೆ’ ಎಂಬ ಉತ್ತರವೇ ಬಂದಿದೆ. ಇವತ್ತು ಸಂಜೆ ಮಗಳ ಶಾಲೆಯಿಂದ ಒಂಬತ್ತನೇ ತರಗತಿಯ ಶುಲ್ಕದ ಸಂದೇಶ ಬಂತು. ಅದನ್ನು ಓದಿದ ಮೇಲೆ ಅವಳು ಊಟಕ್ಕೆ ಏಳಲಿಲ್ಲ, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದಾಳೆ. 2018ರಲ್ಲಿ ಅವಳಿಗೆ ಶಿಕ್ಷಣ ಹಕ್ಕು ಕಾಯ್ದೆಯಡಿ (ಆರ್‌ಟಿಇ) ಖಾಸಗಿ ಶಾಲೆಯಲ್ಲಿ ಉಚಿತ ಸೀಟು ಸಿಕ್ಕಾಗ ನಿಮ್ಮಲ್ಲಿ ಎಷ್ಟೋ ಜನ ನಮ್ಮ ಮನೆಯಲ್ಲಿ ಸಿಹಿ ತಿಂದಿದ್ದೀರಿ. ಆ ಕಾಯ್ದೆಯ ಉಚಿತ ಶಿಕ್ಷಣ ಎಂಟನೆಯ ತರಗತಿಗೇ ಮುಗಿಯುತ್ತದೆ ಎಂದು ನನಗೂ ಗೊತ್ತಿತ್ತು, ಆದ್ದರಿಂದಲೇ ಮೂರು ತಿಂಗಳ ಮುಂಚೆ ಕೇಳಿದ್ದು. ಕೆರೆ ಏರಿಯ ಶಾಲೆ, ಹಳೇ ಊರಿನ ಶಾಲೆ, ಪಾಲಿಕೆ ಶಾಲೆ, ಈ ಮೂರರಲ್ಲಿ ಯಾವುದಕ್ಕೆ ಸೇರಿಸಲಿ? ಶಾಲೆ ತೆರೆಯಲು ಇನ್ನು ಹತ್ತು ದಿನವೂ ಇಲ್ಲ.

ಮಾಜಿ ಕಾರ್ಯದರ್ಶಿ (ರಾತ್ರಿ 11:58)
ಅಮ್ಮಾ, ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ, ಆದರೆ ಸತ್ಯ ಹೇಳಲೇಬೇಕು. ನಾನು ಬಡಾವಣೆ ಸಂಘದ ಕಾರ್ಯದರ್ಶಿಯಾಗಿದ್ದ ಆರು ವರ್ಷ ಕೆರೆ ಏರಿಯ ಶಾಲೆಗೆ ಮಕ್ಕಳನ್ನು ಸೇರಿಸಿ ಎಂದು ಮನೆಮನೆಗೆ ಹೋಗಿ ಕೈಮುಗಿದಿದ್ದೇನೆ. ಅಂದು ಯಾರೂ ಬರಲಿಲ್ಲ. ಇರುವವರೆಲ್ಲ ಬೆನ್ನು ತಿರುಗಿಸಿದರೆ ಸರ್ಕಾರಿ ಶಾಲೆ ಬೆಳೆಯುವುದಾದರೂ ಹೇಗೆ?

7ನೇ ಅಡ್ಡರಸ್ತೆ (ಬೆಳಗ್ಗೆ 6:20)
ಸರ್, ತಪ್ಪನ್ನು ತಂದೆ ತಾಯಿಯರ ತಲೆಗೆ ಕಟ್ಟಬೇಡಿ. 2019ರ ಜನವರಿಯಲ್ಲಿ ರಾಜ್ಯ ಸರ್ಕಾರ ನಿಯಮ ತಿದ್ದಿ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇಗೆ ಮೀಸಲಾದ ಶೇಕಡ 25ರ ಸೀಟು ಸಿಗದಂತೆ ಮಾಡಿತು. ಅದರಿಂದಾಗಿ ನನ್ನ ಮಗ ಮೊದಲಿನಿಂದಲೂ ಸರ್ಕಾರಿ ಶಾಲೆಯಲ್ಲೇ ಓದುತ್ತಿದ್ದಾನೆ, ಅದಕ್ಕೆ ನನಗೆ ಬೇಸರವೂ ಇಲ್ಲ. ಮಕ್ಕಳು ಬಂದ ಮೇಲೆ ಶಿಕ್ಷಕರೂ ಬರಬೇಕಲ್ಲ? ಎರಡು ವರ್ಷ ಅವನ ತರಗತಿಗೆ ಗಣಿತ ಹೇಳಿಕೊಟ್ಟವರು ಹಿಂದಿ ಶಿಕ್ಷಕರು.

ಮಾಜಿ ಕಾರ್ಯದರ್ಶಿ (ಬೆಳಗ್ಗೆ 6:31)
ಆ ವಿಷಯವನ್ನು ಸಂಘದ ಸಭೆಯಲ್ಲಿ ಎತ್ತಿದ್ದವನು ನಾನೇ. ನಡಾವಳಿ ಪುಸ್ತಕ ತೆಗೆದು ನೋಡಿ, ಆ ದಿನ ಸಹಿ ಹಾಕಲು ನಿರಾಕರಿಸಿದವರ ಹೆಸರುಗಳೂ ಅದರಲ್ಲಿವೆ.

2ನೇ ಅಡ್ಡರಸ್ತೆ, ನಿವೃತ್ತ ಗಣಿತ ಶಿಕ್ಷಕ (ಬೆಳಗ್ಗೆ 7:05)
ನಡಾವಳಿ ಪುಸ್ತಕ ಆಮೇಲೆ ನೋಡೋಣ, ಮಗು ಊಟ ಬಿಟ್ಟು ಮಲಗಿದೆ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಪಾಠ ಮಾಡಿದ್ದೇನೆ, ಆ ಅನುಭವದಿಂದ ಹೇಳುತ್ತೇನೆ: ಎಸ್‌ಎಸ್‌ಎಲ್‌ಸಿ ಫಲಿತಾಂಶದ ಶೇಕಡಾವಾರು ಒಂದನ್ನೇ ಹಿಡಿದು ಶಾಲೆಗಳನ್ನು ಹೋಲಿಸಬೇಡಿ. ಹನ್ನೆರಡು ಮಕ್ಕಳು ಪರೀಕ್ಷೆ ಬರೆದ ಶಾಲೆಯಲ್ಲಿ ಒಬ್ಬ ಅನುತ್ತೀರ್ಣನಾದರೆ ಫಲಿತಾಂಶ ಎಂಟು ಅಂಶಕ್ಕಿಂತ ಹೆಚ್ಚು ಕುಸಿಯುತ್ತದೆ, ನೂರ ಅರವತ್ತು ಮಕ್ಕಳು ಬರೆದ ಶಾಲೆಯಲ್ಲಿ ಅದೇ ಒಬ್ಬನಿಂದ ಒಂದು ಅಂಶವೂ ಕದಲುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಎಂಟನೆಯ ತರಗತಿಗೆ ಸೇರಿದ ಮಕ್ಕಳಲ್ಲಿ ಎಷ್ಟು ಮಂದಿ ಮೂರನೇ ವರ್ಷದ ಕೊನೆಗೆ ಹತ್ತರ ಪರೀಕ್ಷೆಗೆ ಕುಳಿತರು ಎಂದು ದಾಖಲಾತಿ ಪುಸ್ತಕ ತೋರಿಸಿ ಹೇಳುವಂತೆ ಮುಖ್ಯ ಶಿಕ್ಷಕರನ್ನು ಕೇಳಬೇಕು. ಓದಿನಲ್ಲಿ ಹಿಂದುಳಿದ ಹುಡುಗನನ್ನು ಒಂಬತ್ತರಲ್ಲೇ ನಿಲ್ಲಿಸಿ, ವರ್ಗಾವಣೆ ಪತ್ರ ಕೊಟ್ಟು ಕಳುಹಿಸಿದರೆ ಫಲಿತಾಂಶ ನೂರಕ್ಕೆ ನೂರಾಗುತ್ತದೆ, ಆ ಹುಡುಗ ಮಾತ್ರ ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ನೀರಿನ ಟ್ಯಾಂಕಿನ ಎದುರು ಮನೆ (ಬೆಳಗ್ಗೆ 7:40)
ಬಂದದ್ದನ್ನು ಹಾಗೇ ಕಳುಹಿಸುತ್ತಿದ್ದೇನೆ: ‘ಬೆಂಗಳೂರಿನ ಅತ್ಯುತ್ತಮ ಸರ್ಕಾರಿ ಪ್ರೌಢಶಾಲೆಗಳು, 2021ರಲ್ಲಿ ಶೇಕಡ 100 ಫಲಿತಾಂಶ. ತಪ್ಪದೆ ಎಲ್ಲ ಗುಂಪುಗಳಿಗೂ ಹಂಚಿ.’ ಹಳೇ ಊರಿನ ಶಾಲೆಯೂ ಇದರಲ್ಲಿದೆ.

ನಿವೃತ್ತ ಗಣಿತ ಶಿಕ್ಷಕ (ಬೆಳಗ್ಗೆ 7:52)
ದಯವಿಟ್ಟು ಇದನ್ನು ನಂಬಬೇಡಿ. 2021 ಕೋವಿಡ್‌ ವರ್ಷ, ಆ ಸಲ ಇಡೀ ರಾಜ್ಯದಲ್ಲೇ ಶೇಕಡ 99.99ರಷ್ಟು ಮಕ್ಕಳು ಉತ್ತೀರ್ಣರಾದರು. ವರ್ಷ ವರ್ಷಕ್ಕೂ ಅಳತೆಗೋಲು ಬದಲಾಗಿದೆ: 2023ರಲ್ಲಿ ರಾಜ್ಯದ ಫಲಿತಾಂಶ ಶೇಕಡ 83.89 ಇತ್ತು, 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್‌ (ಕ್ಯಾಮೆರಾ ಮೂಲಕ ನೇರ ನಿಗಾ) ಬಂದು, ಕೃಪಾಂಕ ಹೆಚ್ಚಿಸಿದ ಮೇಲೂ ಅದು 73.40ಕ್ಕೆ ಇಳಿಯಿತು. ಒಂದು ಶಾಲೆಯ 2023ರ ಫಲಕವನ್ನೂ ಇನ್ನೊಂದು ಶಾಲೆಯ 2024ರ ಫಲಕವನ್ನೂ ಎದುರುಬದುರು ಇಟ್ಟರೆ ನಾವು ಹೋಲಿಸುವುದು ವರ್ಷಗಳನ್ನೇ ಹೊರತು ಶಾಲೆಗಳನ್ನಲ್ಲ. ಉತ್ತೀರ್ಣರಾಗಲು ಬೇಕಾದ ಅಂಕವೂ 2025-26ರ ಸಾಲಿನಿಂದ 625ಕ್ಕೆ 206 ಆಗಿರುವುದರಿಂದ, ಇನ್ನು ಮುಂದಿನ ಫಲಿತಾಂಶವನ್ನು ಹಿಂದಿನದರ ಜೊತೆ ಇಟ್ಟು ನೋಡುವಾಗಲೂ ಇದೇ ಎಚ್ಚರ ಬೇಕು.

5ನೇ ಅಡ್ಡರಸ್ತೆ, ಮಹಡಿ ಮನೆ (ಬೆಳಗ್ಗೆ 8:15)
ಮೇಷ್ಟ್ರೇ, ಹಾಗಾದರೆ ನಾನು ಏನು ಕೇಳಬೇಕು? ನನ್ನ ಮಗಳು ಎಂಟು ವರ್ಷ ಇಂಗ್ಲಿಷ್‌ ಮಾಧ್ಯಮದಲ್ಲಿ ಓದಿದ್ದಾಳೆ, ಅವಳ ಪ್ರಥಮ ಭಾಷೆ ಇಂಗ್ಲಿಷ್‌, ಕನ್ನಡ ದ್ವಿತೀಯ ಭಾಷೆ.

ನಿವೃತ್ತ ಗಣಿತ ಶಿಕ್ಷಕ (ಬೆಳಗ್ಗೆ 8:34)
ನೀವು ಮೊದಲು ಕೇಳಬೇಕಾದದ್ದು ಅದನ್ನೇ. ಒಂಬತ್ತನೆಯ ತರಗತಿಗೆ ಆಂಗ್ಲ ಮಾಧ್ಯಮ ವಿಭಾಗ ಮಂಜೂರಾಗಿದೆಯೇ, ಅಥವಾ ಒಂದೇ ಕೊಠಡಿಯಲ್ಲಿ ಎರಡೂ ಮಾಧ್ಯಮದವರನ್ನು ಕೂರಿಸಿ ಒಬ್ಬರೇ ಎರಡು ಸಲ ವಿವರಿಸುತ್ತಾರೆಯೇ? ಪ್ರಥಮ ಭಾಷೆಯಾಗಿ ಇಂಗ್ಲಿಷ್‌ ಇಟ್ಟುಕೊಳ್ಳಲು ಅಲ್ಲಿ ಅವಕಾಶವಿದೆಯೇ? ಪ್ರಥಮ ಭಾಷೆಗೆ 125 ಅಂಕ, ಉಳಿದ ಪ್ರತಿ ವಿಷಯಕ್ಕೆ 100. ಒಂಬತ್ತರಲ್ಲಿ ಭಾಷೆಯ ಕ್ರಮ ಬದಲಾದರೆ ಮಗುವಿನ ಮೇಲೆ ಬೀಳುವ ಭಾರ ಸಣ್ಣದಲ್ಲ. ಅದಾದ ಮೇಲೆ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಮತ್ತು ಸಿಬಿಜೆಡ್‌ (ರಸಾಯನಶಾಸ್ತ್ರ, ಜೀವಶಾಸ್ತ್ರ) ಹುದ್ದೆಗಳಲ್ಲಿ ಕಾಯಂ ಶಿಕ್ಷಕರಿದ್ದಾರೆಯೇ ಎಂದು ಕೇಳಿ. ಪಿಸಿಎಂ ಹುದ್ದೆ ಖಾಲಿಯಿದ್ದು ಅತಿಥಿ ಶಿಕ್ಷಕರಿಗಾಗಿ ಕಾಯುತ್ತಿದ್ದರೆ ಮೊದಲ ವಾರಗಳ ಬೀಜಗಣಿತ ಕೈತಪ್ಪಿತೆಂದೇ ತಿಳಿಯಿರಿ, ಅದು ಹತ್ತನೆಯ ತರಗತಿಯವರೆಗೂ ಕಾಡುತ್ತದೆ. ಹೆಣ್ಣುಮಕ್ಕಳ ಶೌಚಾಲಯದ ನಲ್ಲಿಯನ್ನು ನೀವೇ ತಿರುಗಿಸಿ ನೋಡಿ. ಶೌಚಾಲಯ ಇದೆ ಎಂಬುದು ಯುಡೈಸ್‌ (ಶಾಲೆಗಳ ಸರ್ಕಾರಿ ಅಂಕಿಅಂಶ) ದಾಖಲೆಯಲ್ಲಿ ಸಿಗುತ್ತದೆ, ನೀರು ಬರುತ್ತದೆಯೇ ಎಂಬುದು ಅಲ್ಲಿ ನಿಂತಾಗಲೇ ತಿಳಿಯುವುದು.

ಗುಂಪಿನ ನಿರ್ವಾಹಕಿ (ಬೆಳಗ್ಗೆ 9:02)
ಮೇಷ್ಟ್ರು ಹೇಳಿದ್ದನ್ನೆಲ್ಲ ಒಂದು ಹಾಳೆಗೆ ಇಳಿಸಿದ್ದೇನೆ. ಶಾಲೆಗೆ ಇಬ್ಬರಂತೆ ಆರು ಮಂದಿ ಬೇಕು. ಸೋಮವಾರ ಬೆಳಗ್ಗೆ ಹತ್ತಕ್ಕೆ ಹೋಗಿ ಕೇಳಿ, ಸಂಜೆ ಇಲ್ಲಿ ಬರೆಯೋಣ. ಯಾರು ಬರುತ್ತೀರಿ?

ಮಾಜಿ ಕಾರ್ಯದರ್ಶಿ (ಬೆಳಗ್ಗೆ 9:10)
ಹೀಗೆ ಬರಿಗೈಯಲ್ಲಿ ಹೋದರೆ ಯಾರೂ ಉತ್ತರಿಸುವುದಿಲ್ಲ. ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕು, ಸಂಘದ ಲೆಟರ್‌ಹೆಡ್‌ನಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಪತ್ರ ಹೋಗಬೇಕು. ಪಾಲಿಕೆ ಶಾಲೆಗೆ ಬೇರೆಯೇ ಪತ್ರ ಬೇಕು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದ ಮೇಲೆ ನಮ್ಮ ವಾರ್ಡಿನ ಕಡತ ಯಾರ ಮೇಜಿನ ಮೇಲಿದೆ ಎಂದು ಮೊದಲು ಕಂಡುಹಿಡಿಯಬೇಕು. ಎಲ್ಲವನ್ನೂ ನಾನೇ ಬರೆದುಕೊಡುತ್ತೇನೆ.

7ನೇ ಅಡ್ಡರಸ್ತೆ (ಬೆಳಗ್ಗೆ 9:21)
ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ ಮೂವತ್ತು ದಿನ ಕಾಲಾವಕಾಶ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದ ಮೀರುವಂತಿಲ್ಲ. ಮೂರು ಶಾಲೆಗಳ ವಿವರ ಬರುವ ಹೊತ್ತಿಗೆ ಆ ಮಗುವಿನ ಮೊದಲ ಕಿರುಪರೀಕ್ಷೆಯೇ ಹತ್ತಿರವಾಗಿರುತ್ತದೆ.

ಮಾಜಿ ಕಾರ್ಯದರ್ಶಿ (ಬೆಳಗ್ಗೆ 9:24)
ಕ್ರಮಬದ್ಧವಾಗಿ ಹೋಗುವುದನ್ನು ವಿರೋಧಿಸುವವರು ಯಾವತ್ತೂ ಇದ್ದೇ ಇರುತ್ತಾರೆ. ಕಳೆದ ಸಲ ಉದ್ಯಾನದ ವಿಷಯದಲ್ಲೂ ನೀವು ಹೀಗೆಯೇ ಅಡ್ಡ ಬಂದಿರಿ.

(ಉದ್ಯಾನದ ಬೇಲಿಯ ಬಗ್ಗೆ ಬಂದ ಇಪ್ಪತ್ತಮೂರು ಸಂದೇಶಗಳನ್ನು ನಿರ್ವಾಹಕಿ ತೆಗೆದಿದ್ದಾರೆ.)

3ನೇ ಅಡ್ಡರಸ್ತೆ (ಸೋಮವಾರ, ಸಂಜೆ 6:48)
ಯಾರೂ ಜೊತೆಗೆ ಬರದ ಕಾರಣ ಕೆರೆ ಏರಿಯ ಶಾಲೆಗೆ ನಾನೊಬ್ಬಳೇ ಹೋಗಿಬಂದೆ. ಮುಖ್ಯ ಶಿಕ್ಷಕಿ ಬಹಳ ಗೌರವದಿಂದ ಮಾತನಾಡಿಸಿದರು, ದಾಖಲಾತಿ ಪುಸ್ತಕವನ್ನೂ ತೆರೆದು ತೋರಿಸಿದರು. ಎಂಟಕ್ಕೆ 64 ಮಕ್ಕಳು ಸೇರಿದ್ದ ತಂಡದಲ್ಲಿ 59 ಮಂದಿ ಹತ್ತರ ಪರೀಕ್ಷೆ ಬರೆದಿದ್ದಾರೆ. ಬಿಟ್ಟ ಐವರಲ್ಲಿ ನಾಲ್ವರ ತಂದೆ ತಾಯಿ ಕಟ್ಟಡ ಕೆಲಸ ಮುಗಿಸಿ ಊರಿಗೆ ಹಿಂತಿರುಗಿದವರು, ಆ ಮಕ್ಕಳ ಹೆಸರು ಅವರಿಗೆ ಇನ್ನೂ ನೆನಪಿದೆ. ಆಂಗ್ಲ ಮಾಧ್ಯಮ ವಿಭಾಗ ಇದೆ, ಗಣಿತಕ್ಕೆ ಕಾಯಂ ಶಿಕ್ಷಕರಿದ್ದಾರೆ, ಜೀವಶಾಸ್ತ್ರದ ಹುದ್ದೆ ಖಾಲಿಯಿದೆ. ನಲ್ಲಿಯಲ್ಲಿ ನೀರು ಬಂತು. ನನಗೆ ಭಯವಾದದ್ದು ಶಾಲೆಯಿಂದಾಚೆ. ಏರಿಯ ಮೇಲೆ ಒಂದೇ ಒಂದು ದೀಪವೂ ಉರಿಯುವುದಿಲ್ಲ. ಹತ್ತನೆಯವರ ವಿಶೇಷ ತರಗತಿ ಮುಗಿಯುವಾಗ ಕತ್ತಲಾಗಿರುತ್ತದೆ, ಹೆಣ್ಣುಮಕ್ಕಳು ರಿಂಗ್‌ ರಸ್ತೆಯನ್ನು ಓಡಿ ದಾಟುತ್ತಾರೆ.

ಮಾಜಿ ಕಾರ್ಯದರ್ಶಿ (ಸಂಜೆ 6:55)
ಆ ದೀಪಗಳ ವಿಷಯವನ್ನು ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ. ನಾಳೆಯೇ ಮನವಿ ಬರೆಯುತ್ತೇನೆ, ಎಲ್ಲರೂ ಸಹಿ ಹಾಕಬೇಕು.

7ನೇ ಅಡ್ಡರಸ್ತೆ (ಸಂಜೆ 6:58)
ಇದಕ್ಕೆ ನಾನೂ ಬರುತ್ತೇನೆ ಸರ್. ನಮ್ಮ ರಸ್ತೆಯ ಸಹಿಗಳನ್ನು ನಾನು ಮಾಡಿಸುತ್ತೇನೆ.

ನೀರಿನ ಟ್ಯಾಂಕಿನ ಎದುರು ಮನೆ (ಸಂಜೆ 7:03)
ನಾನೂ ಬರುತ್ತೇನೆ. ಕಂಬಗಳ ಸಂಖ್ಯೆಯನ್ನು ಬರೆದುಕೊಂಡು, ಫೋಟೊ ತೆಗೆದು ತರುತ್ತೇನೆ.

5ನೇ ಅಡ್ಡರಸ್ತೆ, ಮಹಡಿ ಮನೆ (ರಾತ್ರಿ 9:30)
ಕೆರೆ ಏರಿಯ ಶಾಲೆಗೆ ಹೋಗಿಬಂದ ತಂಗಿಗೆ ಕೈಮುಗಿಯುತ್ತೇನೆ. ಉಳಿದ ಎರಡು ಶಾಲೆಗಳಿಗೆ ಯಾರಾದರೂ ಹೋಗಿದ್ದೀರಾ?

ನಿವೃತ್ತ ಗಣಿತ ಶಿಕ್ಷಕ (ರಾತ್ರಿ 9:41)
ಯಾರೂ ಹೋಗಿಲ್ಲಮ್ಮ, ಮಂಡಿ ನೋವಿನಿಂದ ನನಗೂ ಆಗಲಿಲ್ಲ. ನಾಳೆ ಆಟೋ ಮಾಡಿಕೊಂಡು ಹಳೇ ಊರಿನ ಶಾಲೆಗೆ ನಾವಿಬ್ಬರೇ ಹೋಗೋಣ. ಎಂಟನೆಯ ತರಗತಿಯ ಅಂಕಪಟ್ಟಿ ತನ್ನಿ, ಮಗಳನ್ನೂ ಕರೆತನ್ನಿ. ಹೋಗಿ ಓದಬೇಕಾದವಳು ಅವಳು.

ಗುಂಪಿನ ನಿರ್ವಾಹಕಿ (ರಾತ್ರಿ 10:12)
ಗಮನಿಸಿ: ಏರಿಯ ಬೀದಿದೀಪಗಳ ಮನವಿಗೆ ಭಾನುವಾರ ಬೆಳಗ್ಗೆ ಏಳಕ್ಕೆ ಗಣಪತಿ ದೇವಸ್ಥಾನದ ಮುಂದೆ ಸಹಿ ಸಂಗ್ರಹವಿದೆ, ಹದಿನಾಲ್ಕು ಮಂದಿ ಹೆಸರು ಕೊಟ್ಟಿದ್ದಾರೆ. ಶಾಲೆಗಳ ಹಾಳೆಯಲ್ಲಿ ಒಂದು ಸಾಲು ಭರ್ತಿಯಾಗಿದೆ, ಎರಡು ಬಾಕಿ ಇವೆ.