ಬ್ರಾಯ್ಲರ್ (ಮಾಂಸದ ಕೋಳಿ) ಶೆಡ್‌ನಲ್ಲಿ ಆಂಟಿಬಯಾಟಿಕ್ ಕಡಿಮೆ ಮಾಡಿದವರು ಯಾರಾದರೂ ಇದ್ದೀರಾ?

ನಮ್ಮದು ತುಮಕೂರು ಕಡೆ, 3,000 ಮರಿಯ ಶೆಡ್. ಮರಿ ಇಳಿಸಿದ ದಿನದಿಂದಲೇ ನೀರಿಗೆ ಆಂಟಿಬಯಾಟಿಕ್ ಹಾಕುವುದು ರೂಢಿ. 20ನೇ ದಿನದ ಹೊತ್ತಿಗೆ ಉಸಿರಾಟದಲ್ಲಿ ಗೊರಗೊರ ಶುರುವಾದರೆ ಇನ್ನೊಂದು ಕೋರ್ಸ್. ಖರ್ಚೂ ಜಾಸ್ತಿ, ಔಷಧಿ ಮೊದಲಿನ ಹಾಗೆ ಹಿಡಿಯುತ್ತಲೂ ಇಲ್ಲ. ಬಿಡೋಣ ಅಂದರೆ ಮರಿ ಸತ್ತಾವು ಅನ್ನುವ ಭಯ. ಬಿಟ್ಟವರು ಹೇಗೆ ಬಿಟ್ಟಿರಿ?

ಮಾಗಡಿ ಕಡೆಯವರು:
ಅಣ್ಣಾ, ನಮ್ಮದೂ ಇದೇ ಗೋಳು. ನಾನು ಮೊದಲು ಔಷಧಿ ಬಿಡಲಿಲ್ಲ, ನೀರಿನ ಪೈಪ್ ಬಿಚ್ಚಿದೆ. ನಿಪ್ಪಲ್ ಲೈನಿನ, ಅಂದರೆ ಕೋಳಿ ಕೊಕ್ಕಿನಿಂದ ಒತ್ತಿ ನೀರು ಕುಡಿಯುವ ಪೈಪಿನ, ಕೊನೆಯ ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿದರೆ ಬರೀ ಲೋಳೆ. ವಿಟಮಿನ್, ಬೆಲ್ಲದ ನೀರು ಕೊಟ್ಟು ಲೈನ್ ತೊಳೆಯದೆ ಬಿಟ್ಟಿದ್ದರ ಫಲ. ಆ ಲೋಳೆಯಲ್ಲೇ ಈ-ಕೋಲಿ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿರುತ್ತದೆ. ನಾವು ಅದರ ಮೇಲೇ ದುಡ್ಡು ಸುರಿಯುತ್ತಿದ್ದೆವು! ಈಗ ಲಿಫ್ಟಿಂಗ್ (ಬೆಳೆದ ಕೋಳಿ ಮಾರಾಟಕ್ಕೆ ಒಯ್ಯುವುದು) ಆದ ಕೂಡಲೇ ಲೈನಿಗೆ ಹೈಡ್ರೋಜನ್ ಪೆರಾಕ್ಸೈಡ್ ತುಂಬಿಸಿ, ನಿಲ್ಲಿಸಿ, ಜೋರಾಗಿ ಫ್ಲಶ್ ಮಾಡುತ್ತೇನೆ. ಬ್ಯಾಚ್ ಇದ್ದಾಗ ಟ್ಯಾಂಕಿಗೆ ಕ್ಲೋರಿನ್. ಪರೀಕ್ಷೆ ಮಾಡುವುದು ಮಾತ್ರ ಕೊನೆಯ ನಿಪ್ಪಲ್ಲಿನ ನೀರು, ಟ್ಯಾಂಕಿನದ್ದಲ್ಲ.

ಇನ್ನು ಗೊರಗೊರ. ಚಳಿ ಅಂತ ರಾತ್ರಿ ಪರದೆ ಪೂರ್ತಿ ಮುಚ್ಚುತ್ತೀರಿ, ಅಲ್ವಾ? ಬೆಳಗಿನ ಜಾವ ಒಳಗೆ ಹೋಗಿ, ಕುಕ್ಕರುಗಾಲಲ್ಲಿ ಕೂತು ಉಸಿರೆಳೆದು ನೋಡಿ. ನಿಂತವರಿಗೆ ಏನೂ ಗೊತ್ತಾಗಲ್ಲ, ಕೋಳಿಯ ಎತ್ತರದಲ್ಲಿ ಕಣ್ಣು ಉರಿಯುತ್ತದೆ. ಅದು ಅಮೋನಿಯಾ. ಶ್ವಾಸನಾಳದ ಒಳಪದರ ಅದರಿಂದ ಹಾಳಾದರೆ ರೋಗಾಣುವಿಗೆ ದಾರಿ ಬಿಟ್ಟ ಹಾಗೆ. ಪರದೆಯ ಮೇಲುಗಡೆ ಒಂದಿಷ್ಟು ಸಂದು ಬಿಡಿ. ನೆಲಕ್ಕೆ ಹಾಸಿದ ಭತ್ತದ ಹೊಟ್ಟನ್ನು ಮುಷ್ಟಿಯಲ್ಲಿ ಹಿಸುಕಿ ನೋಡಿ. ಕೈ ಬಿಟ್ಟ ಮೇಲೂ ಉಂಡೆ ಹಾಗೇ ನಿಂತರೆ ತೇವ ಜಾಸ್ತಿ, ಕೆದಕಿ ಒಣಗಿಸಿ. ರಕ್ತಭೇದಿ ಶುರುವಾಗುವುದೂ ಅಲ್ಲಿಂದಲೇ. ಒಂದು ಕೋಳಿಗೆ ಒಂದು ಚದರಡಿಗಿಂತ ಕಡಿಮೆ ಜಾಗ ಇದ್ದರೆ ಇದೆಲ್ಲ ಮಾಡಿಯೂ ಸುಮ್ನೆ.

ಎರಡು ಬ್ಯಾಚ್ ಹೀಗೆ ನಡೆದ ಮೇಲೆ ಮೊದಲ ವಾರದ ಕೋರ್ಸ್ ನಿಲ್ಲಿಸಿದೆ. ಬ್ರೂಡರ್ (ಮರಿಗಳಿಗೆ ಶಾಖ ಕೊಡುವ ಸಾಧನ) ಹಿಂದಿನ ದಿನವೇ ಹೊತ್ತಿಸಿಟ್ಟು, 33 ಡಿಗ್ರಿ ಸುಮಾರಿಗೆ ಇಟ್ಟಿದ್ದೆ. ರಾತ್ರಿ ಮರಿಗಳ ಗಂಟಲಚೀಲ ಮುಟ್ಟಿ ನೋಡಿದೆ. ತುಂಬಿ ಮೆತ್ತಗಿದ್ದರೆ ಮೇವು, ನೀರು ಎರಡೂ ಸಿಕ್ಕಿದೆ ಅಂತ ಲೆಕ್ಕ. ಆ ವಾರ ನಿದ್ದೆ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಸಾವು ಹೆಚ್ಚಲಿಲ್ಲ.

ಚಿಂತಾಮಣಿಯಿಂದ:
ಮೇಲಿನವರ ಮಾತಿಗೆ ಒಂದು ಸೇರಿಸುತ್ತೇನೆ. ಕ್ಲೋರಿನ್ ಹಾಕಿದ ನೀರಲ್ಲೇ ಗಂಬೋರೋ ರೋಗದ ಲಸಿಕೆ ಕೊಟ್ಟು ಕೈ ಸುಟ್ಟುಕೊಂಡವನು ನಾನು. ಲಸಿಕೆಯಲ್ಲಿರುವುದು ಜೀವಂತ ವೈರಸ್, ಕ್ಲೋರಿನ್ ಅದನ್ನು ಸಾಯಿಸುತ್ತದೆ. ಹಿಂದಿನ ದಿನವೇ ಕ್ಲೋರಿನ್ ನಿಲ್ಲಿಸಿ, ನೀರಿಗೆ ಕೆನೆ ತೆಗೆದ ಹಾಲಿನ ಪುಡಿ ಕಲಸಿಕೊಳ್ಳಿ. ಗಂಬೋರೋ, ಕೊಕ್ಕರೆ ರೋಗ (ರಾಣಿಖೇತ್) ಎರಡೂ ವೈರಸ್. ಬಂದ ಮೇಲೆ ಯಾವ ಆಂಟಿಬಯಾಟಿಕ್ಕೂ ಅದನ್ನು ಮುಟ್ಟಲ್ಲ.

ಇನ್ನೊಬ್ಬರು:
ಸತ್ತ ಕೋಳಿಯನ್ನು ಗುಂಡಿಗೆ ಎಸೆಯುವ ಮೊದಲು ಡಾಕ್ಟರ ಹತ್ತಿರ ಕೊಯ್ಯಿಸಿ ನೋಡಿ. ಯಾವ ಔಷಧಿ ಹಿಡಿಯುತ್ತದೆ ಅನ್ನುವ ಟೆಸ್ಟ್ ಮಾಡಿಸಿ ಅಂತಲೂ ಕೇಳಿ. ಊಹೆ ಮೇಲೆ ಮೂರು ಔಷಧಿ ಬದಲಿಸುವುದಕ್ಕಿಂತ ಅಗ್ಗ. ಕೊಡಲೇಬೇಕಾದಾಗ ಪೂರ್ತಿ ಕೋರ್ಸ್ ಕೊಡಿ, ಲಿಫ್ಟಿಂಗ್‌ಗೆ ಮುಂಚೆ ಎಷ್ಟು ದಿನ ನಿಲ್ಲಿಸಬೇಕು ಅಂತ ಲೇಬಲ್ ನೋಡಿ. ಕೊಲಿಸ್ಟಿನ್ ಅನ್ನುವ ಆಂಟಿಬಯಾಟಿಕ್ಕನ್ನು ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿಗಳಿಗಾಗಿ ತಯಾರಿಸಿ ಮಾರಬಾರದು ಅಂತ ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದೆ. ಶೆಡ್ಡಿನ ಮೂಲೆಯಲ್ಲಿ ಹಳೇ ಪೊಟ್ಟಣ ಇದ್ದರೆ ಒಮ್ಮೆ ಹೆಸರು ಓದಿ ನೋಡಿ.