ಅಪ್‌ಡೇಟ್: ಕೋರ್ಸ್ ಬದಲಾಯಿಸಲಿಲ್ಲ

ಎರಡನೇ ವರ್ಷದಲ್ಲಿ ನಾನು ಕೇಳಿದ್ದು ಇಷ್ಟು: ಮೆಕ್ಯಾನಿಕಲ್ ಎಂಜಿನಿಯರಿಂಗ್ ಟೆಕ್ನಾಲಜಿ ಬಿಟ್ಟು, ಸಿದ್ಧಾಂತಕ್ಕೆ ಹೆಚ್ಚು ಒತ್ತು ಕೊಡುವ ಮೆಕ್ಯಾನಿಕಲ್ ಎಂಜಿನಿಯರಿಂಗ್‌ಗೆ ಹೋಗಲೇ? ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಹೋಗಲಿಲ್ಲ, ಈಗ ಕೊನೆಯ ವರ್ಷದಲ್ಲಿದ್ದೇನೆ.

ಮನಸ್ಸು ಗಟ್ಟಿಯಾದದ್ದು ಲೋಹ ಕಡೆಯುವ ಲೇತ್ ಯಂತ್ರದ ಮುಂದೆ. 50 ಮಿ.ಮೀ. ವ್ಯಾಸದ ಉಕ್ಕಿನ ಶಾಫ್ಟ್, h7 (ಸಣ್ಣ ಎಚ್) ಟಾಲರೆನ್ಸ್, ಅಂದರೆ ಅಳತೆಯಲ್ಲಿ ಒಪ್ಪಬಹುದಾದ ವ್ಯತ್ಯಾಸ. ವ್ಯಾಸ 50ನ್ನು ಮೀರಬಾರದು, ಕಡಿಮೆಯಾದರೂ 25 ಮೈಕ್ರಾನ್ (0.025 ಮಿ.ಮೀ.) ಒಳಗೇ ಇರಬೇಕು. ಮೈಕ್ರೋಮೀಟರ್ 49.988 ತೋರಿಸಿದಾಗ ಎಷ್ಟು ಸಂತೋಷಪಟ್ಟಿದ್ದೆ! ಮರುದಿನ ಅಳೆದರೆ ಶಾಫ್ಟ್ ತಿರಸ್ಕೃತ. ಕತ್ತರಿಸುವಾಗ ಬಿಸಿಯಾಗಿದ್ದದ್ದು ತಣಿದು ಕುಗ್ಗಿತ್ತು. ಉಕ್ಕು ಒಂದು ಡಿಗ್ರಿಗೆ, ಮೀಟರಿಗೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. 40 ಡಿಗ್ರಿ ಏರಿದರೆ ಈ ವ್ಯಾಸಕ್ಕೆ 24 ಮೈಕ್ರಾನ್. ಹೆಚ್ಚುಕಡಿಮೆ ಇಡೀ ಟಾಲರೆನ್ಸ್! ಅಳತೆಗೆ 20 ಡಿಗ್ರಿ ಸೆಲ್ಸಿಯಸ್ ಪ್ರಮಾಣಿತ ತಾಪಮಾನವೆಂದು ಓದಿದ್ದೆ, ಅಂದು ಅದು ಕೈಗೆ ತಾಗಿತು.

ಈ ಕೋರ್ಸಿನಲ್ಲಿ ಕಲಿಸುವ ಗಣಿತ ಸಾಲದು ಎಂದು ಎಚ್ಚರಿಸಿದವರ ಮಾತು ನಿಜವೇ. ಕಂಪನ ವಿಶ್ಲೇಷಣೆಯಲ್ಲಿ ತಡವರಿಸಿದೆ. ಅದಕ್ಕಾಗಿಯೇ ಈ ಸೆಮಿಸ್ಟರ್‌ನಲ್ಲಿ ಅವಕಲ ಸಮೀಕರಣಗಳನ್ನು ಹೆಚ್ಚುವರಿ ವಿಷಯವಾಗಿ ತೆಗೆದುಕೊಂಡಿದ್ದೇನೆ; ಕಷ್ಟವಿದೆ, ಆದರೆ ಬಿಡುವುದಿಲ್ಲ.