ಥೀಮ್ ಅಪ್‌ಡೇಟ್ ಆಗಿ ಬದಲಾವಣೆ ಎಲ್ಲ ಹೋಯ್ತು, ಫಿಲ್ಟರ್ ಹುಕ್ ಬಳಸಿದವರು ಅನುಭವ ಹೇಳಿ

ಉಡುಪಿ ತೆಂಕಪೇಟೆ:
ನಮ್ಮದು ಯಕ್ಷಗಾನ ಸುದ್ದಿಯ ವರ್ಡ್‌ಪ್ರೆಸ್ ಸೈಟ್. ಪ್ರತಿ ಲೇಖನದ ಕೆಳಗೆ ಮೇಳಗಳ ತಿರುಗಾಟದ ವಿವರ ಬರುತ್ತಿತ್ತು. ಮಾಡಿಕೊಟ್ಟವರು ಅದನ್ನು ಥೀಮ್ (ಸೈಟಿನ ನೋಟ ರೂಪಿಸುವ ಭಾಗ) ಫೈಲ್ ಒಳಗೇ ಬರೆದಿದ್ದರು. ಅಪ್‌ಡೇಟ್ ಆದದ್ದೇ ಅಳಿಸಿಹೋಯಿತು. ಫಿಲ್ಟರ್ ಹುಕ್ ಹಾಕಿ ಅನ್ನುತ್ತಾರೆ, ಅಂದರೆ ವರ್ಡ್‌ಪ್ರೆಸ್ ಕೊಡುವ ಮಾಹಿತಿಯನ್ನು ದಾರಿಯಲ್ಲೇ ತಿದ್ದುವ ಕೋಡ್. ನಾವೇ ಮಾಡಬಹುದಾ, ಜನ ಹಿಡಿಯಬೇಕಾ?

ಕದ್ರಿ ಗೋಡಂಬಿ:
ಜನ ಹಿಡಿಯುವ ಮೊದಲು ನನ್ನ ಅಂಗಡಿ ಸೈಟಿನ ಕಥೆ ಕೇಳಿ ಮಾರಾಯ್ರೇ. ಮುಂಗಡ 12,000. ಆಮೇಲೆ ಸ್ಪೀಡ್ ಮಾಡ್ತೇವೆ ಅಂತ 6,500. ಪುಟದ ಬರಹ ಹಾದುಹೋಗುವ 'ದಿ ಕಂಟೆಂಟ್' ಫಿಲ್ಟರ್‌ಗೆ ಅವರು ಬರೆದ ಫಂಕ್ಷನ್‌ನಲ್ಲಿ ರಿಟರ್ನ್ ಸಾಲೇ ಇರಲಿಲ್ಲ! ಫಿಲ್ಟರ್ ಅಂದಮೇಲೆ ಒಳಗೆ ಬಂದದ್ದನ್ನು ತಿದ್ದಿ ವಾಪಸ್ ಕೊಡಬೇಕಲ್ವಾ? ಕೊಡದಿದ್ದರೆ ಪುಟ ಖಾಲಿ. ಚೌತಿಯ ಆರ್ಡರ್ ಬರುವ ಹೊತ್ತಿಗೆ ಒಂದು ಮಾಲಿನ ವಿವರವೂ ಕಾಣಲಿಲ್ಲ. ಕೇಳಿದರೆ ಹೋಸ್ಟಿಂಗ್ ಸರಿ ಇಲ್ಲ ಅಂದರು. ಅದನ್ನು ಬದಲಿಸಲು 4,200. ಆದರೂ ಖಾಲಿಯೇ. ಕೊನೆಗೆ ಅಕ್ಕನ ಮಗಳು ಆ ಒಂದು ಸಾಲು ಸೇರಿಸಿದಳು, ಸರಿಯಾಯ್ತು. ನಂಗೆ ಹೋದದ್ದು 22,700.

ಕೊಟ್ಟಾರ ಕೋಡ್:
ಒಬ್ಬರು ಹಾಗೆ ಮಾಡಿದರೆ ಎಲ್ಲ ಡೆವಲಪರ್‌ಗಳೂ ಹಾಗೆಯಾ? ನಾನು ಒಂದು ಕನ್ನಡ ಸೈಟಿಗೆ 3,000ಕ್ಕೆ ಕೆಲಸ ಮಾಡಿಕೊಟ್ಟೆ. ಕನ್ನಡ ತಲೆಬರಹದಿಂದ ಆಗುವ ಸ್ಲಗ್‌ಗೆ (ಲಿಂಕಿನಲ್ಲಿ ಲೇಖನದ ಹೆಸರಿನ ಭಾಗ) ಡೇಟಾಬೇಸಿನಲ್ಲಿ ಇರುವುದು 200 ಜಾಗ. ಕನ್ನಡದ ಒಂದು ಯೂನಿಕೋಡ್ ಚಿಹ್ನೆ ಲಿಂಕಿಗಾಗಿ ಶೇಕಡಾ ಗುರುತಿನ ರೂಪಕ್ಕೆ ಎನ್‌ಕೋಡ್ ಆದರೆ 9 ಜಾಗ ತಿನ್ನುತ್ತದೆ. ಒತ್ತು, ಕೊಂಬು ಎಲ್ಲ ಬೇರೆ ಬೇರೆ ಚಿಹ್ನೆ. 22 ಆಗುವಾಗ ತುಂಡು! ತಲೆಬರಹ ಸ್ಲಗ್ ಆಗುವಾಗ ಓಡುವ 'ಸ್ಯಾನಿಟೈಸ್ ಟೈಟಲ್' ಫಿಲ್ಟರ್ ಹಾಕಿ ಇಂಗ್ಲಿಷ್ ಲಿಪಿಗೆ ತಂದೆ. ವರ್ಡ್‌ಪ್ರೆಸ್ಸಿನದ್ದೇ ಫಂಕ್ಷನ್ 10ನೇ ಪ್ರಯಾರಿಟಿಯಲ್ಲಿ ಓಡುತ್ತದೆ, ಸಣ್ಣ ಸಂಖ್ಯೆಯದ್ದು ಮೊದಲು, ಹಾಗಾಗಿ ನನ್ನದು 9. ಎಲ್ಲ ಸರಿಯಾದ ಮೇಲೆ ಹಳೆಯ ಲೇಖನಗಳದ್ದೂ ಪುಕ್ಕಟೆ ಮಾಡಿಕೊಡಿ ಅಂದರು. ಆ 3,000 ಇನ್ನೂ ಬಂದಿಲ್ಲ. ಇದನ್ನು ಯಾರೂ ಬರೆಯುವುದಿಲ್ಲ.

ಕದ್ರಿ ಗೋಡಂಬಿ:
ನಿಮಗೆ ದುಡ್ಡು ಬಾರದ್ದಕ್ಕೆ ನನ್ನ ಮೇಲೆ ಎಂತಕ್ಕೆ ಸಿಟ್ಟು? ನಾನು ಮೊದಲೇ ಕೊಟ್ಟವಳು.

ಸುರತ್ಕಲ್ ಮನೆ:
ಈಗ ಯಾರಾದರೂ ಬಂದು ಚೈಲ್ಡ್ ಥೀಮ್‌ನ (ಮೂಲ ಥೀಮಿನ ಮೇಲೆ ನಮ್ಮ ಬದಲಾವಣೆ ಇಡುವ ಥೀಮ್) ಫಂಕ್ಷನ್ಸ್ ಫೈಲಿನಲ್ಲಿ ಹಾಕಿ ಅನ್ನುತ್ತಾರೆ. ಬೇಡ. ಥೀಮ್ ಬದಲಿಸಿದರೆ ಅದೂ ನಿಲ್ಲುತ್ತದೆ. ನನ್ನ ಫಿಲ್ಟರ್‌ಗಳೆಲ್ಲ ಥೀಮಿಗೆ ಅಂಟದ, ನಾನೇ ಬರೆದ ಸಣ್ಣ ಪ್ಲಗಿನ್‌ನಲ್ಲಿ ಉಂಟು. ಥೀಮ್ ಎಷ್ಟೋ ಸಲ ಬದಲಾಯಿತು, ಏನೂ ಹೋಗಲಿಲ್ಲ. ಅದು ನನಗೆ ಹೆಮ್ಮೆಯೇ. ಒಂದು ಮಾತ್ರ ನೋಡಿಕೊಳ್ಳಿ: ಒಂಟಿ ಲೇಖನದ ಪುಟವಾ ಅಂತ 'ಈಸ್ ಸಿಂಗ್ಯುಲರ್' ಹಾಕಿ ಕೇಳದಿದ್ದರೆ, ಪೂರ್ತಿ ಲೇಖನ ತೋರಿಸುವ ಮುಖಪುಟದಲ್ಲೂ ಪ್ರತಿಯೊಂದರ ಕೆಳಗೆ ಅದೇ ತಿರುಗಾಟದ ವಿವರ ಬರುತ್ತದೆ.

ಮಣಿಪಾಲ ಓದುಗ:
ಅಲ್ಲ, ಕನ್ನಡ ಸೈಟಿಗೆ ಇಂಗ್ಲಿಷ್ ಲಿಪಿಯ ವಿಳಾಸ ಯಾಕೆ? ನಾನು ಪ್ರತಿ ಲೇಖನಕ್ಕೂ ಎರಡು ಮೂರು ಕನ್ನಡ ಪದದ ಸ್ಲಗ್ ಕೈಯಲ್ಲೇ ಬರೆಯುತ್ತೇನೆ. ಎಲ್ಲಿಯೂ ತುಂಡಾಗಿಲ್ಲ.

ಕೊಟ್ಟಾರ ಕೋಡ್:
ನಿಮ್ಮ ಲಿಂಕ್ ಕಾಪಿ ಮಾಡಿ ವಾಟ್ಸಾಪಿಗೆ ಹಾಕಿ ನೋಡಿ. ಉದ್ದಕ್ಕೂ ಶೇಕಡಾ ಗುರುತು. ಯಾರು ಒತ್ತುತ್ತಾರೆ ಅದನ್ನು?

ಮಣಿಪಾಲ ಓದುಗ:
ನಮ್ಮ ಓದುಗರು ಒತ್ತುತ್ತಾರೆ. ಬ್ರೌಸರಿನ ಪಟ್ಟಿಯಲ್ಲಿ ಕನ್ನಡವೇ ಕಾಣುತ್ತದೆ. ಲಿಪಿ ಬಿಟ್ಟುಕೊಟ್ಟು ಫಿಲ್ಟರ್ ಬರೆಯುವುದು ನನ್ನಿಂದ ಆಗದು.

ಸುರತ್ಕಲ್ ಮನೆ:
ತೆಂಕಪೇಟೆಯವರು ವಿಳಾಸದ ವಿಷಯ ಕೇಳಲೇ ಇಲ್ಲ ಮಾರಾಯ್ರೇ. ಲಿಪಿಯ ಜಗಳ ಬೇರೆ ಕಡೆ ಮಾಡಿ.